ಆಟಕ್ಕುಂಟು, ಲೆಕ್ಕಕ್ಕೂ ಉಂಟು

ಕನ್ನಡದಲ್ಲಿ ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂಬ ಮಾತಿದೆ. ಸಮಿತಿಯಲ್ಲಿ ಹೆಸರಿದ್ದೂ ಮಾತಿಗೆ ಬೆಲೆಯಿಲ್ಲದ ಸದಸ್ಯನನ್ನು, ಮದುವೆಮನೆಯಲ್ಲಿ ದಿನವಿಡೀ ಓಡಾಡಿದರೂ ಯಾರೂ ಗಮನಿಸದ ನೆಂಟನನ್ನು ನಾವು ಈ ಮಾತಿನಿಂದಲೇ ಗುರುತಿಸುತ್ತೇವೆ. ಆದರೆ ಮಾತಿನ ತವರು ಮಕ್ಕಳ ಆಟದ ಬಯಲು. ಅಕ್ಕನ ಬೆನ್ನುಹತ್ತಿ ಬಂದ ಪುಟ್ಟ ತಮ್ಮನನ್ನೋ, ವೇಗವಾಗಿ ಓಡಲಾರದ ನೆರೆಮನೆಯ ಮಗುವನ್ನೋ ಹೊರಗೆ ಕೂರಿಸಲು ಮನಸ್ಸು ಬಾರದೆ ಆಟಕ್ಕೆ ಸೇರಿಸಿಕೊಂಡು, ಅದು ಔಟಾದರೂ ಔಟಲ್ಲ ಎಂದು ಎಲ್ಲರೂ ಒಪ್ಪಿಕೊಳ್ಳುವ ಏರ್ಪಾಟಿನ ಹೆಸರು ಅದು.

ಕರ್ನಾಟಕದ ಹೊರಗೆ ನೆಲೆಸಿದ ನಮ್ಮಂಥವರಿಗೆ ಈ ಏರ್ಪಾಟಿನ ಬೇರೆ ಬೇರೆ ಹೆಸರುಗಳೂ ಪರಿಚಿತ. ಮುಂಬೈ, ಪುಣೆಗಳ ಮಕ್ಕಳು ಇಂಥವನನ್ನು ‘ಲಿಂಬೂ ಟಿಂಬೂ’ ಎನ್ನುತ್ತಾರೆ. ದೆಹಲಿಯಲ್ಲಿ ಅವನು ‘ಕಚ್ಚಾ ನಿಂಬೂ’. ಹೈದರಾಬಾದಿನ ತೆಲುಗು ಮಕ್ಕಳಿಗೆ ‘ಆಟಲೋ ಅರಟಿಪಂಡು’, ಅಂದರೆ ಆಟದೊಳಗಿನ ಬಾಳೆಹಣ್ಣು. ಚೆನ್ನೈಯಲ್ಲಿ ‘ಒಪ್ಪುಕ್ಕು ಚಪ್ಪಾಣಿ’; ಹೆಸರಿಗಷ್ಟೇ ಸೇರಿಸಿಕೊಂಡ ಕುಂಟ ಎಂದು ಅದರ ಅರ್ಥ, ಕೇಳಲು ಕೊಂಚ ಕಠೋರ. ಇಷ್ಟು ಭಾಷೆಗಳು ಒಂದೇ ಸ್ಥಿತಿಗೆ ಬೇರೆ ಬೇರೆ ಹೆಸರಿಟ್ಟಿವೆ ಎಂದರೆ, ದುರ್ಬಲನಾದ ಆಟಗಾರನನ್ನು ಏನು ಮಾಡಬೇಕೆಂಬ ಪ್ರಶ್ನೆ ಪ್ರತಿಯೊಂದು ಬೀದಿಯಲ್ಲೂ ಎದ್ದಿತ್ತು. ಮಕ್ಕಳು ತಮ್ಮಷ್ಟಕ್ಕೆ ಉತ್ತರವನ್ನೂ ಕಂಡುಕೊಂಡಿದ್ದರು.

ಅದೇ ಪ್ರಶ್ನೆ ಶಾಲೆಯ ಮುಂದೆ ಬಂದಾಗ ಏನಾಯಿತು? ಓಟದಲ್ಲಿ ಹಿಂದುಳಿಯುವ, ಚೆಂಡಿಗೆ ಹೆದರುವ, ಮೈದಾನದ ಅಂಚಿನಲ್ಲಿ ನಿಂತು ಗಂಟೆ ಬಾರಿಸುವುದನ್ನೇ ಕಾಯುವ ಮಗುವನ್ನು ಪ್ರಾಥಮಿಕ ಶಾಲೆ ಹೇಗೆ ನೋಡಿಕೊಂಡಿತು? ದೈಹಿಕ ಶಿಕ್ಷಣದ ಇತಿಹಾಸವನ್ನು ಸಾಮಾನ್ಯವಾಗಿ ಪದಕ ಗೆದ್ದವರ ಕಡೆಯಿಂದ ಬರೆಯುತ್ತಾರೆ. ಅದನ್ನೇ ಈ ಮಗುವಿನ ಕಡೆಯಿಂದ ಓದಿದರೆ ಕಾಣುವ ಚಿತ್ರ ಬೇರೆ.

ಆಧುನಿಕ ಶಾಲೆಗೆ ವ್ಯಾಯಾಮ ಬಂದದ್ದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ, ಜರ್ಮನಿಯ ಶ್ನೆಪ್ಫೆಂಟಾಲ್ ಎಂಬ ಸಣ್ಣ ಊರಿನ ಶಾಲೆಯಲ್ಲಿ. ಅಲ್ಲಿನ ಉಪಾಧ್ಯಾಯ ಗುಟ್ಸ್‌ಮುತ್ಸ್ 1793ರಲ್ಲಿ ಕಿರಿಯರ ವ್ಯಾಯಾಮದ ಬಗ್ಗೆ ಒಂದು ಗ್ರಂಥ ಬರೆದ. ಮೂರು ವರ್ಷಗಳ ನಂತರ, 1796ರಲ್ಲಿ, ಆಟಗಳ ಬಗ್ಗೆಯೇ ಮತ್ತೊಂದು ಗ್ರಂಥ ಪ್ರಕಟಿಸಿದ. ವ್ಯಾಯಾಮ ಮತ್ತು ಆಟ ಎರಡೂ ಮಗುವಿಗೆ ಬೇಕು ಎಂಬ ಸಮತೋಲ ಆರಂಭದಲ್ಲೇ ಇತ್ತು ಎನ್ನುವುದಕ್ಕೆ ಈ ಎರಡು ಪುಸ್ತಕಗಳೇ ಸಾಕ್ಷಿ. ಆದರೆ ಯುರೋಪು ನೆಪೋಲಿಯನ್ನನ ಯುದ್ಧಗಳಲ್ಲಿ ಸಿಲುಕಿದಾಗ ಆ ಸಮತೋಲ ಕದಡಿತು. 1811ರಲ್ಲಿ ಯಾನ್ ಎಂಬಾತ ಬರ್ಲಿನ್ನಿನ ಹೊರವಲಯದಲ್ಲಿ ತೆರೆದ ವ್ಯಾಯಾಮ ಬಯಲಿನ ಹಿಂದೆ ಸೋತ ದೇಶವನ್ನು ಮತ್ತೆ ಕಟ್ಟುವ ಛಲವಿತ್ತು. 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ಲಿಂಗ್ ಸ್ಥಾಪಿಸಿದ ಸಂಸ್ಥೆಯಿಂದ ಅಂಗರಚನಾಶಾಸ್ತ್ರವನ್ನು ಆಧರಿಸಿದ ಸ್ವೀಡಿಷ್ ಪದ್ಧತಿ ಹೊರಬಂದಿತು. ಒಂದು ದೇಶಪ್ರೇಮದಿಂದ, ಇನ್ನೊಂದು ವಿಜ್ಞಾನದಿಂದ ಪ್ರೇರಿತವಾದದ್ದು. ಎರಡರಲ್ಲೂ ಮಗುವಿನ ಖುಷಿ ಗುರಿಗಳ ಪಟ್ಟಿಯ ಮೇಲ್ಭಾಗದಲ್ಲಿ ಇರಲಿಲ್ಲ.

ನಮ್ಮ ಶಾಲೆಗಳ ಮೇಲೆ ನೇರವಾದ ಪ್ರಭಾವ ಬೀರಿದ್ದು ಇಂಗ್ಲೆಂಡು. ಅಲ್ಲಿ ಬಡಮಕ್ಕಳ ಪ್ರಾಥಮಿಕ ಶಾಲೆಗಳಿಗೆ 1871ರ ಶಿಕ್ಷಣ ನಿಯಮಾವಳಿಯು ಗಂಡುಮಕ್ಕಳ ಡ್ರಿಲ್ಲಿಗೆ ಅವಕಾಶ ಕೊಟ್ಟಿತು. ಕಲಿಸಲು ಬಂದವರು ಸೈನ್ಯದ ಸಾರ್ಜೆಂಟರು. ಸಾಲು, ಹೆಜ್ಜೆ, ಆಜ್ಞೆ, ಮೌನ: ಇವಿಷ್ಟೇ ಪಾಠ. ಶ್ರೀಮಂತರ ಮಕ್ಕಳು ಕಲಿಯುತ್ತಿದ್ದ ಪಬ್ಲಿಕ್ ಶಾಲೆಗಳಲ್ಲಿ ಅದೇ ಹೊತ್ತಿಗೆ ಕ್ರಿಕೆಟ್ಟು, ಫುಟ್ಬಾಲು ನಡೆಯುತ್ತಿದ್ದವು. ಆಳಬೇಕಾದವರಿಗೆ ಆಟ, ಆಜ್ಞೆ ಪಾಲಿಸಬೇಕಾದವರಿಗೆ ಡ್ರಿಲ್ಲು ಎಂಬ ಈ ವಿಭಜನೆಯನ್ನು ಯಾರೂ ಹಾಗೆ ಬರೆದಿಡಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಡ್ರಿಲ್ಲಿನಲ್ಲಿ ಯಾವ ಮಗುವೂ ಹೊರಗುಳಿಯುವುದಿಲ್ಲ ಎಂಬುದು ನಿಜ. ಸಾಲಿನಲ್ಲಿ ಎಲ್ಲರಿಗೂ ಜಾಗವಿದೆ, ಎಲ್ಲರ ಹಾಜರಿಯೂ ಇದೆ. ನಮ್ಮ ಗಾದೆಯನ್ನು ತಿರುಗಿಸಿ ಹೇಳುವುದಾದರೆ, ಅಲ್ಲಿನ ಮಗು ಲೆಕ್ಕಕ್ಕುಂಟು, ಆಟಕ್ಕಿಲ್ಲ.

1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧ ಬ್ರಿಟನ್ನನ್ನು ಬೆಚ್ಚಿಬೀಳಿಸಿತು. ಸೈನ್ಯಕ್ಕೆ ಸೇರಲು ಬಂದ ಕಾರ್ಮಿಕ ವರ್ಗದ ಯುವಕರಲ್ಲಿ ಬಹಳ ಮಂದಿ ದೈಹಿಕ ಪರೀಕ್ಷೆಯಲ್ಲಿಯೇ ತಿರಸ್ಕೃತರಾದರು. ಗಾಬರಿಗೊಂಡ ಸರ್ಕಾರ 1902ರಲ್ಲಿ ಯುದ್ಧ ಇಲಾಖೆಯ ನೆರವಿನಿಂದ ಶಾಲೆಗಳಿಗೆಂದು ಒಂದು ಮಾದರಿ ವ್ಯಾಯಾಮ ಪಠ್ಯವನ್ನು ಹೊರಡಿಸಿತು. ಅದು ದೊಡ್ಡವರ ಸೈನಿಕ ಕವಾಯತನ್ನೇ ಎಳೆಯರಿಗೆ ಅಳತೆ ಕಡಿಮೆ ಮಾಡಿ ತೊಡಿಸಿದಂತಿತ್ತು. ಟೀಕೆ ಕೂಡಲೇ ಬಂತು. 1904ರಲ್ಲಿ ಜನರ ದೈಹಿಕ ಅವನತಿಯನ್ನು ಪರಿಶೀಲಿಸಿದ ಅಂತರ್‌ಇಲಾಖಾ ಸಮಿತಿಯ ವರದಿ ಹೊರಬಂದ ಮೇಲೆ ಚರ್ಚೆಯ ದಿಕ್ಕು ಬದಲಾಯಿತು. ಹಸಿದ ಮಗುವಿಗೆ ಕವಾಯತು ಮಾಡಿಸಿ ಪ್ರಯೋಜನವಿಲ್ಲ ಎಂಬುದು ತಡವಾಗಿಯಾದರೂ ಅರ್ಥವಾಯಿತು. 1906ರಲ್ಲಿ ಶಾಲಾ ಊಟದ ಕಾಯ್ದೆ ಬಂತು. 1907ರಲ್ಲಿ ಶಾಲಾಮಕ್ಕಳ ವೈದ್ಯಕೀಯ ತಪಾಸಣೆಗೆ ಕಾನೂನಿನ ಬೆಂಬಲ ದೊರೆಯಿತು. ವ್ಯಾಯಾಮದ ಹೊಣೆ ಯುದ್ಧ ಇಲಾಖೆಯ ನೆರಳಿನಿಂದ ವೈದ್ಯರ ಕೈಗೆ ಸರಿಯಿತು.

ಈ ಬದಲಾವಣೆಗೆ ನೆಲ ಹದಮಾಡಿದವರಲ್ಲಿ ಸ್ವೀಡನ್ನಿನಿಂದ ಬಂದ ಮಾರ್ಟಿನಾ ಬೆರ್ಗ್‌ಮನ್ ಎಂಬ ಮಹಿಳೆಯನ್ನು ನೆನೆಯಲೇಬೇಕು. 1881ರಲ್ಲಿ ಲಂಡನ್ ಶಾಲಾ ಮಂಡಲಿಯ ಕೆಲಸಕ್ಕೆ ಸೇರಿದ ಆಕೆ ಹೆಣ್ಣುಮಕ್ಕಳ ಶಾಲೆಗಳಿಗೆ ಲಿಂಗ್‌ನ ಪದ್ಧತಿಯನ್ನು ತಂದರು. 1885ರಲ್ಲಿ ಮಹಿಳಾ ವ್ಯಾಯಾಮ ಶಿಕ್ಷಕಿಯರಿಗಾಗಿ ಕಾಲೇಜನ್ನೇ ತೆರೆದರು. ಅವರ ತರಬೇತಿಯೂ ಕಟ್ಟುನಿಟ್ಟಿನದೇ. ಆದರೂ ಅಲ್ಲಿಂದ ಹೊರಬಂದ ಶಿಕ್ಷಕಿಯರು ಸಾರ್ಜೆಂಟರಂತೆ ಸಾಲನ್ನು ನೋಡದೆ ಒಂದೊಂದು ಮಗುವಿನ ಬೆನ್ನು, ಭುಜ, ಉಸಿರುಗಳನ್ನು ನೋಡಲು ಕಲಿತಿದ್ದರು.

1909ರ ಪಠ್ಯಕ್ರಮದಲ್ಲಿ ಆಟ ಮತ್ತು ನೃತ್ಯ ಇಣುಕಿದವು. 1919ರ ಪಠ್ಯಕ್ರಮ ಇನ್ನೂ ಮುಂದೆ ಹೋಗಿ, ಏಳು ವರ್ಷದೊಳಗಿನ ಮಕ್ಕಳ ಪಾಠ ಬಹುಮಟ್ಟಿಗೆ ಸ್ವತಂತ್ರ ಚಲನೆ ಮತ್ತು ಆಟವೇ ಆಗಿರಬೇಕೆಂದಿತು. 1933ರಲ್ಲಿ ಮತ್ತೊಂದು ಪಠ್ಯಕ್ರಮ. ಎರಡನೆಯ ಮಹಾಯುದ್ಧದ ನಂತರ ಒಂದು ವಿಚಿತ್ರ ನಡೆಯಿತು. ಸೈನಿಕರು ಅಡೆತಡೆಗಳನ್ನು ದಾಟಲು ಬಳಸಿದ್ದ ಬಲೆ, ಹಗ್ಗಗಳಂಥ ಸಾಧನಗಳು ಪ್ರಾಥಮಿಕ ಶಾಲೆಗಳಿಗೆ ಬಂದವು. ಆದರೆ ಈ ಸಲ ಸೈನ್ಯದ ಆಜ್ಞೆ ಜೊತೆಗೆ ಬರಲಿಲ್ಲ. ಮಕ್ಕಳು ತಮಗೆ ತೋಚಿದಂತೆ ಹತ್ತಿದರು, ಜೋತಾಡಿದರು, ತೂರಿಕೊಂಡರು. ಜರ್ಮನಿಯನ್ನು ತೊರೆದು 1938ರಲ್ಲಿ ಇಂಗ್ಲೆಂಡಿಗೆ ಬಂದಿದ್ದ ನೃತ್ಯಚಿಂತಕ ರುಡಾಲ್ಫ್ ಲಾಬಾನನ ವಿಚಾರಗಳೂ ಇದಕ್ಕೆ ಕೂಡಿಕೊಂಡವು. 1952 ಮತ್ತು 1953ರಲ್ಲಿ ಅಲ್ಲಿನ ಶಿಕ್ಷಣ ಸಚಿವಾಲಯ ಪ್ರಕಟಿಸಿದ ಎರಡು ಕೈಪಿಡಿಗಳು ಹಳೆಯ ಆಜ್ಞಾಪಾಠಗಳ ಕೋಷ್ಟಕಗಳನ್ನು ಕೈಬಿಟ್ಟವು. ಶಿಕ್ಷಕ ‘ಹೀಗೆ ಮಾಡು’ ಎನ್ನುವುದರ ಬದಲು ‘ಈ ಬೆಂಚನ್ನು ಎಷ್ಟು ಬಗೆಯಲ್ಲಿ ದಾಟಬಲ್ಲೆ?’ ಎಂದು ಕೇಳುವ ಕಾಲ ಬಂತು. ಮೊದಲನೆಯ ಮಾತಿಗೆ ಸರಿಯಾದ ಉತ್ತರ ಒಂದೇ. ನಿಧಾನದ ಮಗು ಅದರಲ್ಲಿ ತಪ್ಪುವುದು ಎಲ್ಲರಿಗೂ ಕಾಣುತ್ತದೆ. ಎರಡನೆಯದಕ್ಕೆ ಮೂವತ್ತು ಮಕ್ಕಳಿಂದ ಮೂವತ್ತು ಉತ್ತರ. ತೆವಳಿಕೊಂಡು ದಾಟಿದವನದೂ ಉತ್ತರವೇ.

ಇನ್ನು ನಮ್ಮ ಕಡೆಗೆ ಬರೋಣ. 1882ರ ಹಂಟರ್ ಆಯೋಗ ಶಾಲೆಗಳಲ್ಲಿ ದೇಶೀ ಆಟ, ವ್ಯಾಯಾಮ, ಡ್ರಿಲ್ಲು ಮೂರನ್ನೂ ಪ್ರೋತ್ಸಾಹಿಸಬೇಕೆಂದು ಶಿಫಾರಸು ಮಾಡಿತು. ಪಟ್ಟಿಯಲ್ಲಿ ದೇಶೀ ಆಟಗಳಿಗೆ ಮೊದಲ ಸ್ಥಾನವಿತ್ತು. ಆದರೆ ಕಾರ್ಯರೂಪಕ್ಕೆ ಸುಲಭವಾಗಿ ಬಂದದ್ದು ಡ್ರಿಲ್ಲು. ಅದಕ್ಕೆ ದೊಡ್ಡ ಮೈದಾನ ಬೇಡ, ಸಲಕರಣೆ ಬೇಡ, ಒಬ್ಬ ನಿವೃತ್ತ ಸೈನಿಕನಿದ್ದರೆ ಸಾಕು. ‘ಡ್ರಿಲ್ ಮಾಸ್ತರ’ ಎಂಬ ಪದ ಕನ್ನಡದ ಮನೆಮಾತಾದದ್ದು ಹೀಗೆ. ನಮ್ಮ ಗರಡಿಮನೆಯ ಕರಲಾಕಟ್ಟೆಯ ಬಳಗದ ಸಾಧನಗಳನ್ನು ಬ್ರಿಟಿಷ್ ಸೇನಾಧಿಕಾರಿಗಳು ಮೆಚ್ಚಿ ತಮ್ಮ ದೇಶಕ್ಕೆ ಒಯ್ದರು. ಅಲ್ಲಿ ಅವು ‘ಇಂಡಿಯನ್ ಕ್ಲಬ್’ ಎಂಬ ಹೆಸರಿನಲ್ಲಿ ಹಗುರವಾಗಿ, ಎಣಿಕೆಗೆ ತಕ್ಕಂತೆ ಬೀಸುವ ಕವಾಯತಿನ ವಸ್ತುವಾಗಿ, ಅದೇ ರೂಪದಲ್ಲಿ ನಮ್ಮ ಶಾಲೆಗಳಿಗೆ ಮರಳಿದವು. ತವರಿಗೆ ಬಂದ ಮಗಳು ಅತ್ತೆಮನೆಯ ಭಾಷೆಯಲ್ಲಿ ಮಾತನಾಡಿದಂತೆ.

ಡ್ರಿಲ್ಲಿನ ಏಕಸ್ವಾಮ್ಯಕ್ಕೆ ಗಂಭೀರವಾದ ಸವಾಲು ಬಂದದ್ದು ವೈಎಂಸಿಎ ಸಂಸ್ಥೆಯ ಮೂಲಕ. ಬಾಸ್ಕೆಟ್‌ಬಾಲ್, ವಾಲಿಬಾಲ್ ಎರಡೂ ಆ ಬಳಗದ ಸೃಷ್ಟಿಗಳು. ಎರಡನೆಯದರ ಹುಟ್ಟು ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. 1891ರಲ್ಲಿ ನೈಸ್ಮಿತ್ ರೂಪಿಸಿದ ಬಾಸ್ಕೆಟ್‌ಬಾಲ್ ಕೆಲವರಿಗೆ ಬಹಳ ಶ್ರಮದ ಆಟವೆನಿಸಿತು. ಅಮೆರಿಕದ ಹೋಲ್ಯೋಕ್ ಪಟ್ಟಣದಲ್ಲಿ ವಿಲಿಯಂ ಮಾರ್ಗನ್ ಎಂಬ ವೈಎಂಸಿಎ ನಿರ್ದೇಶಕ 1895ರಲ್ಲಿ, ವಯಸ್ಸಾದ, ಓಡಿ ಅಭ್ಯಾಸವಿಲ್ಲದ ವ್ಯಾಪಾರಿಗಳಿಗೆಂದೇ ಬಲೆಯಾಚೆಗೆ ಚೆಂಡನ್ನು ತಟ್ಟುವ ಆಟವೊಂದನ್ನು ರಚಿಸಿದ. ಮೈಗೆ ಮೈ ತಾಗುವುದಿಲ್ಲ, ಓಟ ಕಡಿಮೆ. ಆರಂಭದ ನಿಯಮಗಳಲ್ಲಿ ಆಟಗಾರರ ಸಂಖ್ಯೆಗೂ ಮಿತಿಯಿರಲಿಲ್ಲ; ಎಷ್ಟು ಜನ ಬಂದರೂ ಸೇರಿಸಿಕೊಳ್ಳಬಹುದಿತ್ತು. ಆಡಲಾರದವರನ್ನು ಆಟಕ್ಕೆ ಹೊಂದಿಸುವ ಬದಲು ಆಟವನ್ನೇ ಅವರಿಗೆ ಹೊಂದಿಸಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅದೇ ವಾಲಿಬಾಲ್ ಇಂದು ಎತ್ತರದ, ಚಿರತೆಯಂತೆ ಜಿಗಿಯುವ ಆರಾರು ಜನರ ಆಟವಾಗಿದೆ ಎಂಬುದು ಇತಿಹಾಸದ ವ್ಯಂಗ್ಯ.

ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕನ್ 1919ರಲ್ಲಿ ಮದರಾಸಿಗೆ ಬಂದು, ಮರುವರ್ಷ ದೈಹಿಕ ಶಿಕ್ಷಕರ ತರಬೇತಿ ಶಾಲೆಯನ್ನು ಆರಂಭಿಸಿದ. ಚೆನ್ನೈ ನಂದನಂನಲ್ಲಿ ಮರಗಳ ನೆರಳಿನಲ್ಲಿರುವ ವೈಎಂಸಿಎ ಕಾಲೇಜು ಅದರ ಮುಂದುವರಿಕೆ. 1924ರ ಪ್ಯಾರಿಸ್ ಒಲಿಂಪಿಕ್ಸಿಗೆ ಭಾರತದ ತಂಡವನ್ನು ಕರೆದೊಯ್ದವನೂ ಅವನೇ. ಆದರೆ ಅವನ ದೀರ್ಘಕಾಲದ ಕೊಡುಗೆ ಒಲಿಂಪಿಕ್ಸಲ್ಲ, ಶಿಕ್ಷಕರು. ಡ್ರಿಲ್ ಮಾಸ್ತರನ ಜಾಗಕ್ಕೆ ಆಟ ಗೊತ್ತಿರುವ, ಮಗುವಿನ ದೇಹದ ಬೆಳವಣಿಗೆ ಗೊತ್ತಿರುವ, ಇತರ ಉಪಾಧ್ಯಾಯರಷ್ಟೇ ಗೌರವಕ್ಕೆ ಅರ್ಹನಾದ ಶಿಕ್ಷಕನನ್ನು ತರುವುದು ಆ ಸಂಸ್ಥೆಯ ಉದ್ದೇಶವಾಗಿತ್ತು. 1943ರಲ್ಲಿ ಬಕ್ ತೀರಿಕೊಳ್ಳುವ ಹೊತ್ತಿಗೆ ಅಲ್ಲಿ ತರಬೇತಾದವರು ದೇಶದ ನಾನಾ ಭಾಗಗಳಲ್ಲಿ ಹರಡಿದ್ದರು. 1938ರಲ್ಲಿ ಮುಂಬೈಯ ಕಾಂದಿವಲಿಯಲ್ಲಿ ಸರ್ಕಾರಿ ತರಬೇತಿ ಸಂಸ್ಥೆಯೂ ಆರಂಭವಾಯಿತು.

ಇದೇ ಕಾಲದಲ್ಲಿ ದೇಶೀ ಆಟಗಳಿಗೂ ಹೊಸ ಮರ್ಯಾದೆ ಬಂದಿತು. ಪುಣೆಯ ಡೆಕ್ಕನ್ ಜಿಮ್‌ಖಾನಾ 1914ರಲ್ಲಿ ಖೋಖೋ ಆಟದ ನಿಯಮಗಳನ್ನು ರೂಪಿಸಲು ಮುಂದಾಯಿತು. ವಸಾಹತುಶಾಹಿಯ ಎದುರು ನಮ್ಮ ಆಟಕ್ಕೂ ಶಾಸ್ತ್ರವುಂಟು ಎಂದು ತೋರಿಸುವ ಈ ಪ್ರಯತ್ನ ಶ್ಲಾಘ್ಯವೇ. ಆದರೆ ನಿಯಮಪುಸ್ತಕ ಬಂದಾಗ ಒಂದು ನಷ್ಟವೂ ಆಯಿತು. ಬೀದಿಯ ಆಟದಲ್ಲಿ ತಂಡಕ್ಕೆ ಇಷ್ಟೇ ಜನ ಎಂಬ ಕಟ್ಟುಪಾಡಿಲ್ಲ. ಹೊಸಬ ಬಂದರೆ ಅಂಗಳ ಹಿಗ್ಗುತ್ತದೆ, ಗೆರೆ ಅಳಿಸಿ ಮತ್ತೊಂದು ಗೆರೆ ಎಳೆಯುತ್ತಾರೆ. ನಿಯಮ ಒಂಬತ್ತು ಆಟಗಾರರೆಂದ ಮೇಲೆ ಹತ್ತನೆಯವನು ಪ್ರೇಕ್ಷಕ. ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂಬ ಕಲಮು ಯಾವ ಸಂಘದ ನಿಯಮಾವಳಿಯಲ್ಲೂ ಮುದ್ರಣಗೊಳ್ಳಲಿಲ್ಲ.

ಮಗುವಿನ ಸಂತೋಷವನ್ನೇ ಮುಂದಿಟ್ಟುಕೊಂಡ ಪ್ರಯೋಗಗಳು ನಮ್ಮಲ್ಲಿ ಇರಲಿಲ್ಲವೆಂದಲ್ಲ. 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆ ತೆರೆದ ರವೀಂದ್ರರಿಗೆ ಮರ ಹತ್ತುವುದೂ ಶಿಕ್ಷಣದ ಭಾಗವೇ ಆಗಿತ್ತು. ಅಲ್ಲಿ ಜಪಾನಿನಿಂದ ಗುರುವನ್ನು ಕರೆಸಿ ಜೂಡೋ ಕಲಿಸಿದರು, ಹೆಣ್ಣುಮಕ್ಕಳೂ ಕಲಿತರು. ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ಆರಂಭಿಸಿದ ಗಿಜುಭಾಯಿ ಬಧೇಕಾ ತಮ್ಮ ‘ದಿವಾಸ್ವಪ್ನ’ದಲ್ಲಿ ಸೃಷ್ಟಿಸಿದ ಶಿಕ್ಷಕನು ಗದ್ದಲದ ತರಗತಿಯನ್ನು ಗೆಲ್ಲುವುದು ಬೆತ್ತದಿಂದಲ್ಲ, ಕತೆ ಮತ್ತು ಆಟಗಳಿಂದ. ಇವು ದೀಪಸ್ತಂಭಗಳು, ಆದರೆ ಸಾವಿರಾರು ಸಾಮಾನ್ಯ ಶಾಲೆಗಳ ಅಂಗಳಕ್ಕೆ ಅವುಗಳ ಬೆಳಕು ತಲುಪಿದ್ದು ಕಡಿಮೆ.

ಸ್ವಾತಂತ್ರ್ಯ ಬಂದ ಮೇಲೆ ಡ್ರಿಲ್ಲು ಹೊಸ ವೇಷದಲ್ಲಿ ಮರಳಿತು. ದೇಶವಿಭಜನೆಯಿಂದ ನೆಲೆ ಕಳೆದುಕೊಂಡ ಕುಟುಂಬಗಳ ಮಕ್ಕಳು ದೆಹಲಿಯ ಶಿಬಿರಗಳಲ್ಲಿದ್ದರು. ಆಜಾದ್ ಹಿಂದ್ ಫೌಜಿನಲ್ಲಿದ್ದು ಆಗ ಪುನರ್ವಸತಿ ಖಾತೆಯ ಉಪಸಚಿವರಾಗಿದ್ದ ಜಗನ್ನಾಥರಾವ್ ಭೋಸಲೆ 1954ರಲ್ಲಿ ಅಲ್ಲಿನ ಕಸ್ತೂರ್ಬಾ ನಿಕೇತನದಲ್ಲಿ ರಾಷ್ಟ್ರೀಯ ಶಿಸ್ತು ಯೋಜನೆಯನ್ನು ಆರಂಭಿಸಿದರು. ಎಲ್ಲವನ್ನೂ ಕಳೆದುಕೊಂಡು ಬಂದ ಮಕ್ಕಳಿಗೆ ದಿನದಲ್ಲಿ ಒಂದು ಕ್ರಮ, ಮೈಯಲ್ಲಿ ಒಂದು ನೆಟ್ಟಗಿನ ನಿಲುವು, ಜೊತೆಯವರೊಂದಿಗೆ ಒಂದು ಲಯ ಬೇಕಿತ್ತು ಎಂಬುದನ್ನು ಒಪ್ಪಲೇಬೇಕು. ಡ್ರಿಲ್ಲಿಗೂ ಅದರದೇ ಆದ ಸಾಂತ್ವನವಿದೆ. ಆದರೆ ಶಿಬಿರದ ಮದ್ದನ್ನು ದೇಶದ ಇತರ ಶಾಲೆಗಳಿಗೂ ಹಂಚಿದಾಗ ಸಮಸ್ಯೆಯಾಯಿತು. ಏಕಕಾಲಕ್ಕೆ ನಡೆಯುತ್ತಿದ್ದ ಹಲವು ಯೋಜನೆಗಳ ಗೊಂದಲ ಬಿಡಿಸಲು 1959ರಲ್ಲಿ ಹೃದಯನಾಥ ಕುಂಜ್ರು ಅವರ ಅಧ್ಯಕ್ಷತೆಯ ಸಮಿತಿಯನ್ನು ನೇಮಿಸಬೇಕಾಯಿತು. ಅದರ ಶಿಫಾರಸಿನಂತೆ 1965ರಲ್ಲಿ ಒಂದೇ ಸಮಗ್ರ ಕಾರ್ಯಕ್ರಮ ರೂಪುಗೊಂಡಿತು. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಇದನ್ನೆಲ್ಲ ನೋಡಿ, ಸರ್ಕಾರದ ಯೋಜನೆಗಳು ದೈಹಿಕ ಸಾಮರ್ಥ್ಯಕ್ಕಷ್ಟೇ ಒತ್ತು ಕೊಟ್ಟು ಶೈಕ್ಷಣಿಕ ಮೌಲ್ಯವನ್ನು ಕಡೆಗಣಿಸುತ್ತಿವೆ ಎಂದು ಸ್ಪಷ್ಟವಾಗಿ ಹೇಳಿತು. ಪ್ರತಿಯೊಂದು ಮಗುವಿನಲ್ಲೂ ತನ್ನ ಬಗ್ಗೆ ಗೌರವ ಮೂಡಿಸುವಂತೆ ಕಾರ್ಯಕ್ರಮ ಇರಬೇಕೆಂದಿತು. ಸರ್ಕಾರಿ ವರದಿಗಳನ್ನು ಓದುವುದೇ ಉದ್ಯೋಗದ ಭಾಗವಾಗಿರುವ ನನಗೆ, ಅಂಥ ಒಣ ಗದ್ಯದ ನಡುವೆ ಈ ‘ಪ್ರತಿಯೊಂದು’ ಎಂಬ ಪದ ಹಸಿರಾಗಿ ಕಾಣುತ್ತದೆ.

ಆಯೋಗದ ಮಾತು ವರದಿಯಲ್ಲಿ ಉಳಿದು, ಶಾಲೆಯಲ್ಲಿ ಉಳಿದದ್ದು ಎರಡು ಸಂಗತಿ: ವಾರಕ್ಕೊಂದೆರಡು ಪೀರಿಯಡ್ಡಿನ ಸಾಲು ವ್ಯಾಯಾಮ ಮತ್ತು ವರ್ಷಕ್ಕೊಂದು ಕ್ರೀಡಾದಿನ. ಮೊದಲನೆಯದನ್ನು ಗಣಿತದ ಮೇಷ್ಟ್ರು ಪಾಠ ಮುಗಿಯಲಿಲ್ಲವೆಂದು ಸಾಲ ಪಡೆಯುತ್ತಾರೆ. ಎರಡನೆಯದರಲ್ಲಿ ಮೂವರು ಮೆಟ್ಟಿಲೇರುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಅಭ್ಯಾಸದ ಅಗತ್ಯ ಯಾರಿಗೆ ಹೆಚ್ಚೋ ಅವರು ಮೊದಲ ಸುತ್ತಿನಲ್ಲೇ ಹೊರಬೀಳುವುದು, ಚೆನ್ನಾಗಿ ಓಡುವವನು ಕೊನೆಯವರೆಗೂ ಓಡುತ್ತಲೇ ಇರುವುದು: ಓದಲು ತಡವರಿಸುವ ಮಗುವಿನಿಂದ ಪುಸ್ತಕ ಕಿತ್ತುಕೊಂಡು ನಿರರ್ಗಳವಾಗಿ ಓದುವವನಿಗೆ ಕೊಟ್ಟಂತೆ. ಕನ್ನಡದ ತರಗತಿಯಲ್ಲಿ ಹೀಗೆ ಮಾಡಿದರೆ ತಂದೆತಾಯಿಗಳು ಸುಮ್ಮನಿರುವುದಿಲ್ಲ. ಮೈದಾನದಲ್ಲಿ ಮಾತ್ರ ಅದು ಸಹಜವೆನಿಸಿಬಿಟ್ಟಿದೆ.

ಈ ನಡುವೆ ಶಾಲೆಯ ಹೊರಗಿನ ಬಯಲೂ ಕರಗಿತು. ನಾವು ವಾಸಿಸುವ ಮಹಾನಗರಗಳಲ್ಲಿ ವಾಹನ ನಿಲ್ದಾಣವಾಗದೆ ಉಳಿದ ಅಂಗಳಗಳು ಅಪರೂಪ. ಮಕ್ಕಳ ಹಕ್ಕಿನ 2009ರ ಶಿಕ್ಷಣ ಕಾಯ್ದೆ ತನ್ನ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನ ಇರಬೇಕೆಂದು ಹೇಳುತ್ತದೆ. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುತ್ತದೆ. ಮೊದಲು ಬೀದಿಯೇ ಕೊಡುತ್ತಿದ್ದ ಆ ಅರವತ್ತು ನಿಮಿಷಗಳನ್ನು ಈಗ ಯಾರೋ ಯೋಚಿಸಿ ಹೊಂದಿಸಬೇಕಾಗಿದೆ. ಬೀದಿಯೊಂದಿಗೆ ಲಿಂಬೂ ಟಿಂಬೂವಿನ ರಿಯಾಯಿತಿಯೂ ಹೋಯಿತು. ಶುಲ್ಕ ಕಟ್ಟಿ ಸೇರಿಸುವ ತರಬೇತಿ ಶಿಬಿರದಲ್ಲಿ ಅಂಥ ಹುದ್ದೆಯಿಲ್ಲ.

ಇನ್ನೂರು ವರ್ಷಗಳ ಈ ಕಥೆಯಿಂದ ಉಪಾಧ್ಯಾಯರಿಗೂ ತಾಯ್ತಂದೆಯರಿಗೂ ಉಪಯೋಗವಾಗುವ ಕೆಲವು ಮಾತುಗಳನ್ನು ಹೆಕ್ಕಬಹುದು. ಮಾರ್ಗನ್ ಮಾಡಿದಂತೆ, ಆಟ ಮಗುವಿಗೆ ಕಷ್ಟವಾದರೆ ಆಟವನ್ನು ಬದಲಿಸಬೇಕು: ಚೆಂಡು ಮೆತ್ತಗಿರಲಿ, ಬಲೆ ತಗ್ಗಲಿ, ಗೆರೆ ಹತ್ತಿರ ಬರಲಿ. ಯುದ್ಧಾನಂತರದ ಇಂಗ್ಲಿಷ್ ಶಿಕ್ಷಕರು ಮಾಡಿದಂತೆ, ಆಜ್ಞೆಗಿಂತ ಪ್ರಶ್ನೆ ಮೇಲು. ಔಟಾದವನು ಕೂರುವ ಆಟಗಳಲ್ಲಿ, ಔಟಾದವನು ಪಕ್ಕದ ಗುಂಪಿಗೆ ಸೇರಿ ಮತ್ತೆ ಆಡುವ ಏರ್ಪಾಟು ಮಾಡಿದರೆ ನಿಯಮವೂ ಉಳಿಯುತ್ತದೆ, ಮಗುವೂ ಉಳಿಯುತ್ತದೆ. ಇಪ್ಪತ್ತು ಮಕ್ಕಳ ತಂಡಕ್ಕಿಂತ ನಾಲ್ಕೈದು ಮಕ್ಕಳ ಗುಂಪು ಒಳ್ಳೆಯದು. ಅಲ್ಲಿ ಚೆಂಡು ಎಲ್ಲರ ಕೈಗೂ ಬರುತ್ತದೆ, ತಪ್ಪನ್ನು ನೋಡುವ ಕಣ್ಣುಗಳೂ ಕಡಿಮೆ. ಇಬ್ಬರು ನಾಯಕರನ್ನು ನಿಲ್ಲಿಸಿ ಒಬ್ಬೊಬ್ಬರನ್ನೇ ಆರಿಸಿಕೊಳ್ಳಿ ಎನ್ನುವ ಪದ್ಧತಿಯನ್ನಂತೂ ಬಿಡಲೇಬೇಕು. ಕೊನೆಗೆ ಉಳಿದ ಮಗು ಅಂದಿನ ಆಟವನ್ನು ಮರೆತರೂ ಆ ಕೆಲವು ನಿಮಿಷಗಳನ್ನು ಮರೆಯುವುದಿಲ್ಲ. ಕುಂಟೆಬಿಲ್ಲೆಯ ಗೆರೆಗಳನ್ನು ಶಾಲೆಯ ಅಂಗಳದಲ್ಲಿ ಶಾಶ್ವತವಾಗಿ ಬರೆಸಿಡಲು ದೊಡ್ಡ ಅನುದಾನ ಬೇಕಿಲ್ಲ. ಅಲ್ಲಿ ಮಗು ಮೀರಬೇಕಾದದ್ದು ನಿನ್ನೆ ತಾನು ತಲುಪಿದ ಮನೆಯನ್ನು.

ಸ್ಪರ್ಧೆ ಬೇಡವೇ ಎಂದು ಕೇಳಬಹುದು. ಖಂಡಿತ ಬೇಕು. ವೇಗವಾಗಿ ಓಡುವ ಮಗುವಿಗೆ ಓಡುವ ಅವಕಾಶ ಸಿಗದಿದ್ದರೆ ಅದೂ ಅನ್ಯಾಯವೇ. ಆದರೆ ಪ್ರಾಥಮಿಕ ಶಾಲೆಯ ಮೈದಾನ ಪ್ರತಿಭೆಯನ್ನು ಜರಡಿ ಹಿಡಿಯುವ ಜಾಗವಾಗುವುದಕ್ಕೆ ಮೊದಲು, ಮೈಯನ್ನು ಆಡಿಸುವುದು ಸುಖದ ಸಂಗತಿಯೆಂದು ಎಲ್ಲರಿಗೂ ತಿಳಿಯುವ ಜಾಗವಾಗಬೇಕು. ಏಳನೆಯ ವಯಸ್ಸಿನಲ್ಲಿ ಓಟವೆಂದರೆ ಅವಮಾನವೆಂದು ಕಲಿತವರು ನಲವತ್ತರಲ್ಲಿ ವೈದ್ಯರು ನಡೆಯಿರಿ ಎಂದಾಗಲೂ ಮನಸ್ಸಿಲ್ಲದೆ ನಡೆಯುತ್ತಾರೆ. ನಮ್ಮ ತಲೆಮಾರಿನಲ್ಲಿ ಅಂಥವರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

ಡ್ರಿಲ್ಲು ಮಗುವನ್ನು ಲೆಕ್ಕಕ್ಕೆ ಹಿಡಿದು ಆಟವನ್ನು ಕಿತ್ತುಕೊಂಡಿತು. ಬೀದಿಯ ಮಕ್ಕಳು ಆಟ ಕೊಟ್ಟು ಲೆಕ್ಕವನ್ನು ಬಿಟ್ಟುಕೊಟ್ಟರು. ಅವರ ವಯಸ್ಸಿಗೆ ಅದೇ ದೊಡ್ಡ ಔದಾರ್ಯ. ಇವೆರಡನ್ನೂ ಒಟ್ಟಿಗೆ ಕೊಡುವುದು ದೊಡ್ಡವರ ಕೆಲಸ, ಶಾಲೆಯ ಕೆಲಸ. ನಮ್ಮ ಊರುಗಳಲ್ಲಿ ಮುಂದಿನ ಕ್ರೀಡಾದಿನ ಬಂದಾಗ ಎಷ್ಟು ಪದಕ ಹಂಚಿದರು ಎಂದು ಕೇಳುವ ಜೊತೆಗೆ, ಇಂದು ಎಷ್ಟು ಮಕ್ಕಳು ಬೆವರಿದರು, ಅವರಲ್ಲಿ ಎಷ್ಟು ಮಂದಿ ನಗುತ್ತಿದ್ದರು ಎಂದೂ ಕೇಳೋಣ.